ಉತ್ತರ ಬಾರದ ಕರೆಯ ಲೆಕ್ಕ

ಪಾಳುಬಾವಿ ಕಂಡರೆ ಮಕ್ಕಳು ಸುಮ್ಮನಿರುವುದಿಲ್ಲ. ಕಲ್ಲೊಂದನ್ನು ಒಳಗೆ ಬಿಟ್ಟು ಕಿವಿಗೊಟ್ಟು ನಿಲ್ಲುತ್ತಾರೆ. ‘ಗುಳುಂ’ ಎಂಬ ಸದ್ದು ಬೇಗ ಬಂದರೆ ನೀರು ಹತ್ತಿರ, ತಡವಾದರೆ ಆಳ. ಸದ್ದೇ ಕೇಳಿಸದಿದ್ದರೆ? ಆಳ ಸೊನ್ನೆ ಎಂದು ಯಾವ ಮಗುವೂ ಹೇಳುವುದಿಲ್ಲ. ಆದರೆ ಗಣಕದ ತೆರೆಯ ಮೇಲೆ ನಕ್ಷೆ ಬರೆಯುವಾಗ ದೊಡ್ಡವರೂ ಈ ತಪ್ಪು ಮಾಡುವುದುಂಟು.

ಗಣಕಜಾಲದಲ್ಲಿ ಕಲ್ಲು ಹಾಕಿ ಸದ್ದು ಕೇಳುವ ತಂತ್ರಾಂಶದ ಹೆಸರು ‘ಪಿಂಗ್’. ಅಮೆರಿಕದ ಸೇನೆಯ ಬ್ಯಾಲಿಸ್ಟಿಕ್ ಸಂಶೋಧನಾ ಪ್ರಯೋಗಾಲಯದಲ್ಲಿದ್ದ ಮೈಕ್ ಮೂಸ್ 1983ರ ಡಿಸೆಂಬರಿನಲ್ಲಿ ಇದನ್ನು ಬರೆದರು. ಜಲಾಂತರ್ಗಾಮಿಗಳನ್ನು ಪತ್ತೆ ಹಚ್ಚುವ ಸೋನಾರ್ ಹೊರಡಿಸುವ ಸದ್ದಿನಿಂದಲೇ ಹೆಸರು ಬಂತು. ಕೆಲಸ ಬಹಳ ಸರಳ. ದೂರದ ಗಣಕಕ್ಕೆ ಮಾಹಿತಿಯ ಪುಟ್ಟ ಪೊಟ್ಟಣವೊಂದನ್ನು, ಅಂದರೆ ‘ಪ್ಯಾಕೆಟ್’ ಅನ್ನು ಕಳಿಸುವುದು. ಅದು ಪ್ರತಿಧ್ವನಿಯಂತೆ ಮರಳಲು ಹಿಡಿದ ಕಾಲವನ್ನು ಮಿಲಿಸೆಕೆಂಡುಗಳಲ್ಲಿ, ಅಂದರೆ ಸೆಕೆಂಡಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ, ತೋರಿಸುವುದು.

ಎಲ್ಲ ಪ್ಯಾಕೆಟ್‌ಗಳೂ ಮರಳುವುದಿಲ್ಲ. ದಾರಿಯ ರೂಟರಿನಲ್ಲಿ ಸರತಿ ತುಂಬಿದ್ದರೆ ಹೊಸದಾಗಿ ಬಂದದ್ದನ್ನು ಅದು ಕೈಬಿಡುತ್ತದೆ. ತಂತಿ ಸಡಿಲವಾಗಿರಬಹುದು, ವೈಫೈ ದುರ್ಬಲವಾಗಿರಬಹುದು. ಈ ನಷ್ಟಕ್ಕೆ ‘ಪ್ಯಾಕೆಟ್ ಲಾಸ್’ ಎನ್ನುತ್ತಾರೆ. ವೆಬ್ ಪುಟವಾದರೆ ಕಳೆದುಹೋದದ್ದನ್ನು ಮತ್ತೆ ಕಳಿಸಲಾಗುತ್ತದೆ. ಪುಟ ನಿಧಾನವಾಗುತ್ತದೆ, ಅಷ್ಟೆ. ಮಾತಿಗೆ ಹಾಗೆ ಕಾಯುವ ವ್ಯವಧಾನವಿಲ್ಲ. ದೂರದ ವೈದ್ಯರು ಹೇಳಿದ ‘ಬೇಡ’ ಎಂಬ ಒಂದು ಪದ ನುಂಗಿಹೋದರೆ ಅರ್ಥವೇ ತಲೆಕೆಳಗಾದೀತು.

ಪಿಂಗ್ ಕೊಡುವುದು ಬರೀ ಅಂಕಿಗಳನ್ನು. ಅವನ್ನು ಅಲ್ಲೇ, ಅಕ್ಷರಗಳ ಆದೇಶದಿಂದ ನಡೆಯುವ ಕಪ್ಪು ಕಿಟಕಿಯಲ್ಲೇ, ಏರಿಳಿತದ ಗೆರೆಯಾಗಿ ಬಿಡಿಸುವ ‘ಜೀಪಿಂಗ್’ನಂಥ ಸಲಕರಣೆಗಳು ಈಗ ಇವೆ. ತೊಡಕು ಇರುವುದು ಇಲ್ಲಿಯೇ. ಮರಳದ ಪ್ಯಾಕೆಟ್‌ಗೆ ಅಂಕಿಯೇ ಇಲ್ಲ. ಇಲ್ಲದ ಅಂಕಿಯನ್ನು ನಕ್ಷೆಯಲ್ಲಿ ಎಲ್ಲಿ ಗುರುತಿಸುವುದು?

ಹತ್ತು ಪ್ಯಾಕೆಟ್ ಕಳಿಸಿದ್ದೀರಿ ಎನ್ನೋಣ. ಒಂಬತ್ತು ತಲಾ 40 ಮಿಲಿಸೆಕೆಂಡಿನಲ್ಲಿ ಮರಳಿದವು, ಒಂದು ಕಳೆದುಹೋಯಿತು. ಅದಕ್ಕೆ ಸೊನ್ನೆ ಹಾಕಿದರೆ ಸರಾಸರಿ 36. ಐದು ಕಳೆದುಹೋದರೆ ಸರಾಸರಿ 20! ಜಾಲ ಕೆಟ್ಟಷ್ಟೂ ಲೆಕ್ಕ ಚೆನ್ನಾಗುತ್ತಾ ಹೋಗುತ್ತದೆ. ಅಷ್ಟೇ ಅಲ್ಲ, ಇದು ಭೌತಶಾಸ್ತ್ರಕ್ಕೂ ಒಪ್ಪದ ಮಾತು. ಗಾಜಿನ ಎಳೆಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಬೆಂಗಳೂರಿನಿಂದ ನ್ಯೂಯಾರ್ಕಿಗೆ ನೇರ ದೂರವೇ 13 ಸಾವಿರ ಕಿಲೋಮೀಟರಿಗಿಂತ ಹೆಚ್ಚು. ಹೋಗಿಬರಲು ಕನಿಷ್ಠ 130 ಮಿಲಿಸೆಕೆಂಡಾದರೂ ಬೇಕು. ಗೆರೆ ಸೊನ್ನೆ ಮುಟ್ಟಿತೆಂದರೆ ಬೆಳಕಿಗಿಂತ ವೇಗವಾಗಿ ಸುದ್ದಿ ಬಂತು ಎಂದಂತಾಯಿತು.

ಸೊನ್ನೆ ಬೇಡ, ಕಾದ ಅವಧಿಯನ್ನೇ ಬರೆಯೋಣ ಎಂದರೆ? ಒಂದು ಸೆಕೆಂಡ್ ಕಾದಿದ್ದರೆ 1000 ಮಿಲಿಸೆಕೆಂಡ್; ಸರಾಸರಿ ಒಮ್ಮೆಗೇ 136ಕ್ಕೆ ಜಿಗಿಯುತ್ತದೆ. ಕಳೆದದ್ದನ್ನು ಬಿಟ್ಟು, ಹಿಂದಿನ ಮುಂದಿನ ಬಿಂದುಗಳನ್ನು ಸೇರಿಸಿಬಿಟ್ಟರೆ ಗೆರೆ ನಯವಾಗಿ ಸಾಗುತ್ತದೆ; ನಷ್ಟದ ಸುಳಿವೇ ಉಳಿಯುವುದಿಲ್ಲ.

ಶಾಲೆಯ ಅಂಕಪಟ್ಟಿಯಲ್ಲಿ ಪರೀಕ್ಷೆಗೆ ಬಾರದವನಿಗೆ ಸೊನ್ನೆ ಹಾಕುವುದಿಲ್ಲ, ‘ಗೈರುಹಾಜರು’ ಎಂದು ಬರೆಯುತ್ತಾರೆ. ಇಲ್ಲಿಯೂ ದಾರಿ ಅದೇ. ಗೆರೆಯನ್ನು ಅಲ್ಲಿ ತುಂಡರಿಸಬೇಕು. ಆ ಜಾಗದಲ್ಲಿ ಕೆಂಪು ಗುರುತು ಹಾಕಬೇಕು. ಪಕ್ಕದಲ್ಲಿ ‘ಸರಾಸರಿ 40, ನಷ್ಟ ಶೇ. 10’ ಎಂದು ಎರಡು ಅಂಕಿಗಳನ್ನೂ ಬೇರೆಬೇರೆಯಾಗಿ ತೋರಿಸಬೇಕು. ಟೋಬಿಯಾಸ್ ಓಟಿಕರ್ ರೂಪಿಸಿದ ‘ಸ್ಮೋಕ್‌ಪಿಂಗ್’ನಲ್ಲಿ ನಷ್ಟ ಹೆಚ್ಚಿದಂತೆ ಗೆರೆಯ ಬಣ್ಣವೇ ಬದಲಾಗುತ್ತದೆ.

ಕಣ್ಣಿಗಷ್ಟೇ ಅಲ್ಲ, ಕಿವಿಗೂ ಇದನ್ನು ತೋರಿಸಿದವರಿದ್ದಾರೆ. ಮೂಸ್ ತಾವು ಕೇಳಿದ ಕತೆಯೊಂದನ್ನು ದಾಖಲಿಸಿದ್ದರು. ಆಗಾಗ ಕೈಕೊಡುತ್ತಿದ್ದ ಜಾಲದಿಂದ ಬೇಸತ್ತ ಒಬ್ಬ ನಿರ್ವಾಹಕ, ಪ್ರತಿ ಉತ್ತರಕ್ಕೂ ಗಣಕ ‘ಪಿಂಗ್, ಪಿಂಗ್’ ಎಂದು ಕೂಗುವಂತೆ ಮಾಡಿ ಸ್ಟೀರಿಯೋದ ಸದ್ದನ್ನು ಏರಿಸಿಟ್ಟ. ಬಳಿಕ ಕಟ್ಟಡವಿಡೀ ಸುತ್ತುತ್ತ ತಂತಿಯ ಜೋಡಣೆಗಳನ್ನು ಒಂದೊಂದಾಗಿ ಅಲುಗಾಡಿಸಿದ. ಎಲ್ಲಿ ಕೈಯಿಟ್ಟಾಗ ಕೂಗು ನಿಂತಿತೋ ದೋಷ ಅಲ್ಲಿತ್ತು. ಮೌನವೇ ಅವನಿಗೆ ಉತ್ತರವಾಯಿತು.

ಹಾಗೆಂದು ಕೆಂಪು ಗುರುತು ಕಂಡ ಕೂಡಲೇ ತೀರ್ಪು ಕೊಡುವಂತಿಲ್ಲ. ಕಳೆದದ್ದು ಹೋಗುವಾಗಲೋ ಬರುವಾಗಲೋ ಎಂಬುದು ಪಿಂಗ್‌ನಿಂದ ತಿಳಿಯದು. ಕೆಲವು ಯಂತ್ರಗಳು ಬೇರೆ ಕೆಲಸವಿದ್ದಾಗ ಪಿಂಗ್‌ಗೆ ಉತ್ತರಿಸುವುದೇ ಇಲ್ಲ. ಕೆಲವನ್ನು ಉತ್ತರಿಸದಂತೆಯೇ ಅಣಿಗೊಳಿಸಿರುತ್ತಾರೆ. ಇಪ್ಪತ್ತರಲ್ಲಿ ಒಂದು ಹೋದರೂ ಶೇ. 5 ಎಂದು ತೋರುವುದರಿಂದ ಬಹಳ ಹೊತ್ತು ಅಳೆದು ನೋಡುವುದು ಒಳ್ಳೆಯದು.

ನಿಮ್ಮ ಮನೆಯ ಸಂಪರ್ಕ ತಡವರಿಸುತ್ತಿದ್ದರೆ, ‘ವೇಗ ಸರಿಯಾಗಿಯೇ ಇದೆ’ ಎಂಬ ಉತ್ತರಕ್ಕೆ ತೃಪ್ತರಾಗಬೇಡಿ. ಬಂದವುಗಳ ವೇಗದ ಜೊತೆಗೆ ಬಾರದವುಗಳ ಎಣಿಕೆಯನ್ನೂ ಕೇಳಿ. ಲೆಕ್ಕ ಪೂರ್ತಿಯಾಗುವುದು ಆಗಲೇ.