ಸಾವಿರದ ಎಂಟುನೂರಕ್ಕೆ ವೇಪ್: ಯಾವ ಲೆಕ್ಕದಲ್ಲಿ ಅಗ್ಗ?

ಸಂಗಮಕ್ಕೆ ಹೋಗುವ ಬೆಂಗಳೂರಿನ ಬೈಕುಗಳು ಭಾನುವಾರ ನಮ್ಮ ದೊಡ್ಡಆಲಹಳ್ಳಿಯಲ್ಲಿ ಟೀಗೆ ನಿಲ್ಲುತ್ತವೆ. ಹೋದ ತಿಂಗಳು ಅದೇ ಟೀ ಅಂಗಡಿ ಮುಂದೆ ಊರಿನ ಹುಡುಗನೊಬ್ಬ ಜೇಬಿನಿಂದ ವೇಪ್ ತೆಗೆದ. ಪುಟ್ಟ ಸ್ಕ್ರೀನು, ಎರಡು ಬಟನ್ನು.

"ಅಣ್ಣಾ, ಐದು ವ್ಯಾಟಿಂದ ನಲವತ್ತರವರೆಗೂ ಏರಿಸ್ಬೋದು. ಬರೀ ಸಾವಿರದ ಎಂಟುನೂರು. ಸಿಗರೇಟಿಗಿಂತ ಚೀಪು, ಸೇಫು."

ಬಿಲ್ ಎಲ್ಲಪ್ಪಾ ಅಂದೆ. ನಕ್ಕ.

ಔಷಧಿ ಹೊಡೆಯೋ ಸ್ಪ್ರೇಯರಿಗೆ ಬ್ಯಾಟರಿ ತಂದರೂ ನಾವು ಬಿಲ್ಲು, ವಾರಂಟಿ ಕಾರ್ಡು ಕೇಳುತ್ತೇವೆ. ಬಾಯಿಗಿಟ್ಟು ಎಳೆಯುವ ವಸ್ತುವಿಗೆ ಬೇಡವೇ? ಬೇಕು ಅಂದರೂ ಸಿಗಲ್ಲ. 2019ರ ಕೇಂದ್ರ ಕಾಯ್ದೆ ಪ್ರಕಾರ ಇ-ಸಿಗರೇಟ್ ತಯಾರಿಸುವುದು, ತರಿಸುವುದು, ಮಾರುವುದು ಎಲ್ಲವೂ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನಮ್ಮ ರಾಜ್ಯವಂತೂ 2016ರಲ್ಲೇ ನಿಷೇಧಿಸಿತ್ತು. ನಾಲ್ಕು ಪೀಸ್ ತಂದು ಫ್ರೆಂಡ್ಸಿಗೆ ಕೊಟ್ಟು ನೂರಿನ್ನೂರು ಉಳಿಸಿಕೊಳ್ಳೋಣ ಅನ್ನುವ ಹುಡುಗರು ಇದನ್ನು ಎರಡು ಸಲ ಓದಿ.

ಈಗ ಆ ವ್ಯಾಟಿನ ವಿಷಯ. ವೇಪ್ ಒಳಗಿರುವುದು ಒಂದು ಬ್ಯಾಟರಿ, ಒಂದು ಸಣ್ಣ ಕಾಯಿಲ್, ದ್ರವ ಹೀರುವ ಹತ್ತಿ. ಅದೇ ಕಾಯಿಲಿಗೆ ವೋಲ್ಟೇಜ್ ಎರಡು ಪಟ್ಟು ಕೊಟ್ಟರೆ ಪವರ್ ನಾಲ್ಕು ಪಟ್ಟು. ಹೊಗೆ ಜಾಸ್ತಿ ಬರುತ್ತೆ, ನಿಜ. ದ್ರವವೂ ಬೇಗ ಖಾಲಿ, ಕಾಯಿಲೂ ಬೇಗ ಹಾಳು. ಅವೆರಡನ್ನೂ ಮತ್ತೆ ಮತ್ತೆ ಕೊಳ್ಳಬೇಕು, ಅದೂ ಕಳ್ಳ ಮಾರ್ಗದಲ್ಲಿ, ಅವನು ಹೇಳಿದ ರೇಟಿಗೆ. ನೀರಿಲ್ಲದೆ ಓಡಿದ ಪಂಪ್‌ಸೆಟ್ಟಿನ ಗತಿ ನಿಮಗೆ ಗೊತ್ತು. ಇಲ್ಲಿ ಹತ್ತಿ ಒಣಗಿದ ಮೇಲೂ ಎಳೆದರೆ ಫಾರ್ಮಾಲ್ಡಿಹೈಡ್ ಹುಟ್ಟುತ್ತದೆ. ಕಾಲೇಜು ಲ್ಯಾಬಿನಲ್ಲಿ ಸತ್ತ ಕಪ್ಪೆ ಇಡುವ ಫಾರ್ಮಲಿನ್ ಅದರದೇ ದ್ರಾವಣ. ಇಷ್ಟಕ್ಕೂ ಸ್ಕ್ರೀನಿನಲ್ಲಿ 40 ಅಂತ ಬಂದರೆ ಅದು ನಿಜಕ್ಕೂ 40 ಎಂದು ಅಳೆದು ನೋಡಿದವರು ಯಾರು?

ದ್ರವದ ಬಾಟಲಿ ಮೇಲೆ 50 ಮಿಲಿಗ್ರಾಂ ಅಂತಿತ್ತು. ಅಂದರೆ ಒಂದು ಎಂಎಲ್‌ಗೆ 50 ಮಿಲಿಗ್ರಾಂ ನಿಕೋಟಿನ್. 30 ಎಂಎಲ್ ಬಾಟಲಿಯಲ್ಲಿ 1,500. ಒಂದು ಸಿಗರೇಟಿನಿಂದ ಮೈಗೆ ಸೇರುವುದು ಒಂದೆರಡು ಮಿಲಿಗ್ರಾಂ. ಮಾವಿನಹಣ್ಣಿನ ವಾಸನೆ ಬರುವ ಆ ಬಾಟಲಿ ಮನೆಯ ಮಗುವಿನ ಕೈಗೆ ಸಿಕ್ಕರೆ?

ನಮ್ಮಲ್ಲಿ ರೇಷ್ಮೆ ಸಾಕುವವರಿಗೆ ನಿಕೋಟಿನ್ ಹೊಸದಲ್ಲ. ಹೊಗೆಸೊಪ್ಪಿನ ಹೊಲದ ಹತ್ತಿರ ಹಿಪ್ಪುನೇರಳೆ ಬೆಳೆಸಬೇಡಿ, ಹುಳುಮನೆಯಲ್ಲಿ ಬೀಡಿ ಸೇದಬೇಡಿ ಅನ್ನುವುದು ಇದಕ್ಕೇ. ನಿಕೋಟಿನ್ ತಗುಲಿದ ಸೊಪ್ಪು ತಿಂದ ಹುಳು ಸಾಯುತ್ತೆ. ಈ ಹುಡುಗನ ಅಪ್ಪ ಹುಳುಮನೆ ಬಾಗಿಲಲ್ಲೂ ಬೀಡಿ ಹಚ್ಚಲು ಬಿಡಲ್ಲ. ಮಗ ಒಳಗೆ ಸೊಪ್ಪು ಹಾಕುತ್ತಲೇ ವೇಪ್ ಎಳೀತಾನೆ. ವಾಸನೆ ಬರಲ್ಲವಲ್ಲ!

ಇಂಗ್ಲೆಂಡಿನಲ್ಲಿ ಸಿಗರೇಟು ಬಿಡಿಸಲು ವೇಪ್ ಕೊಡ್ತಾರಲ್ಲ ಅಂತ ಕೇಳಬಹುದು. ಕೊಡ್ತಾರೆ. ಅಲ್ಲಿ ನಿಕೋಟಿನ್ 20 ಮಿಲಿಗ್ರಾಂ ದಾಟುವಂತಿಲ್ಲ, ಬಾಟಲಿ 10 ಎಂಎಲ್ ದಾಟುವಂತಿಲ್ಲ, ಮಾರುವವನು ಸರ್ಕಾರಕ್ಕೆ ಲೆಕ್ಕ ಕೊಡಬೇಕು. ಆ ಕಾವಲು ತೆಗೆದು ಬರೀ ವಸ್ತುವನ್ನು ಇಲ್ಲಿಗೆ ತಂದರೆ ಅದು ಅದೇ ಮಾಲಲ್ಲ.

ಸರ್ಕಾರಕ್ಕೂ ಒಂದು ಮಾತು. ವೇಪ್ ನಿಷೇಧಿಸಿ, ಸಿಗರೇಟನ್ನು ಪ್ರತಿ ಪೆಟ್ಟಿಗೆ ಅಂಗಡಿಯಲ್ಲಿ ಬಿಟ್ಟು, ಹುಣಸೂರು ಪಿರಿಯಾಪಟ್ಟಣದಲ್ಲಿ ತಂಬಾಕು ಮಂಡಳಿಯಿಂದಲೇ ಹರಾಜು ನಡೆಸುವವರ ಆರೋಗ್ಯ ಕಾಳಜಿಯನ್ನು ಹುಡುಗರು ಹೇಗೆ ನಂಬಬೇಕು? ಆ ಸಿಟ್ಟು ನ್ಯಾಯವೇ. ಹಾಗಂತ ಕಳ್ಳಮಾಲು ಒಳ್ಳೆಯದಾಗಲ್ಲ.

ಸಿಗರೇಟು ಬಿಡಬೇಕು ಅಂತ ನಿಜವಾಗಿ ಇದ್ದರೆ ಪ್ಯಾಕಿನ ಮೇಲೇ ನಂಬರ್ ಅಚ್ಚಾಗಿದೆ: 1800-11-2356. ಕಾಸಿಲ್ಲದ ಫೋನು. ನಿಮ್ಹಾನ್ಸ್‌ನಲ್ಲೂ ಅದರ ಕೇಂದ್ರವಿದೆ, ಕನ್ನಡದಲ್ಲೇ ಮಾತಾಡಬಹುದು. ಹುಡುಗನಿಗೆ ನಂಬರ್ ವಾಟ್ಸಾಪ್ ಮಾಡಿದ್ದೇನೆ. ಎರಡು ನೀಲಿ ಟಿಕ್ ಬಂದಿವೆ, ಉತ್ತರ ಬಂದಿಲ್ಲ.