ಪರೀಕ್ಷೆಯ ಓದು, ರೋಗಿಯ ಪಾಡು

ವೈದ್ಯ ಕಾಲೇಜುಗಳ ಅಂತಿಮ ಪರೀಕ್ಷೆಯು ಸಮೀಪಿಸಿತೆಂದರೆ ವಿದ್ಯಾರ್ಥಿನಿಲಯಗಳ ದೀಪಗಳು ಬೆಳಗಿನ ಜಾವದವರೆಗೆ ಉರಿಯುವುವು. ಸಾಮಾನ್ಯ ವೈದ್ಯ, ಶಸ್ತ್ರವೈದ್ಯ, ಪ್ರಸೂತಿ ಮತ್ತು ಸ್ತ್ರೀರೋಗ, ಶಿಶುವೈದ್ಯ ಎಂಬ ಮಹಾವಿಷಯಗಳನ್ನೂ, ಅವುಗಳ ಆಶ್ರಯದಲ್ಲಿರುವ ಚರ್ಮರೋಗ, ಮನೋರೋಗ, ಮೂಳೆಯ ಚಿಕಿತ್ಸೆ, ಅರಿವಳಿಕೆ ಮೊದಲಾದ ಶಾಖೆಗಳನ್ನೂ ಕೆಲವೇ ವಾರಗಳಲ್ಲಿ ಮತ್ತೊಮ್ಮೆ ಓದಿ ಮುಗಿಸಬೇಕು. ಇದು ವಿದ್ಯಾರ್ಥಿಗಳ ಮತ್ತು ಅವರ ತಂದೆತಾಯಿಗಳ ಚಿಂತೆ. ಇದರಲ್ಲಿ ಮಹಾಜನರಿಗೆ ಆಗಬೇಕಾದುದೇನು ಎಂದು ಕೇಳುವವರುಂಟು. ಆಗಬೇಕಾದುದು ಬಹಳವಿದೆಯೆಂಬುದು ನಮ್ಮ ಅಭಿಪ್ರಾಯ. ಇಂದು ಆ ದೀಪದ ಮುಂದೆ ಕುಳಿತವನೇ ನಾಳೆ ತಾಲ್ಲೂಕು ಆಸ್ಪತ್ರೆಯ ರಾತ್ರಿಪಾಳಿಯಲ್ಲಿ ಒಬ್ಬನೇ ಇರುವನು. ಅವನು ಪರೀಕ್ಷೆಗಾಗಿ ಯಾವ ರೀತಿಯಲ್ಲಿ ಓದಿದನೋ ಅದೇ ರೀತಿಯಲ್ಲಿ ರೋಗಿಯನ್ನು ನೋಡುವನು.

ವಿದ್ಯೆಯನ್ನು ವಿಷಯಗಳಾಗಿ ವಿಂಗಡಿಸಿರುವುದು ಕಲಿಸುವವರ ಅನುಕೂಲಕ್ಕಾಗಿ. ಪ್ರಾಧ್ಯಾಪಕರಿಗೆ ಇಲಾಖೆಗಳು ಬೇಕು. ಪುಸ್ತಕಗಳಿಗೆ ಅಧ್ಯಾಯಗಳು ಬೇಕು. ಪ್ರಶ್ನಪತ್ರಿಕೆಗಳಿಗೆ ದಿನಾಂಕಗಳು ಬೇಕು. ರೋಗಕ್ಕೆ ಈ ಗೋಡೆಗಳ ಪರಿಚಯವಿಲ್ಲ. ರೋಗಿಯು ತಾನು ಯಾವ ಅಧ್ಯಾಯಕ್ಕೆ ಸೇರಿದವನೆಂದು ಚೀಟಿ ಅಂಟಿಸಿಕೊಂಡು ಬರುವುದಿಲ್ಲ. ಹೊಟ್ಟೆನೋವೆಂದು ಬರುವನು, ಏದುಸಿರೆಂದು ಬರುವನು, ಜ್ವರವೆಂದು ಬರುವನು. ಅಷ್ಟೇ ಅವನಿಗೆ ಗೊತ್ತು.

ಹೊಟ್ಟೆನೋವನ್ನೇ ತೆಗೆದುಕೊಳ್ಳೋಣ. ಅದು ಶಸ್ತ್ರವೈದ್ಯದ ಪಾಠವೆಂದು ಹುಡುಗರು ಕಂಠಪಾಠ ಮಾಡಿರುತ್ತಾರೆ. ಆದರೆ ಹತ್ತು ವರ್ಷದ ಬಾಲಕನೊಬ್ಬನು ಹೊಟ್ಟೆನೋವು, ವಾಂತಿಗಳಿಂದ ಬಳಲುತ್ತ ಆಳವಾಗಿ ಉಸಿರೆಳೆಯುತ್ತಿದ್ದರೆ, ಕೆಲವು ವಾರಗಳಿಂದ ಅವನು ಬಹಳ ನೀರು ಕುಡಿದು ಬಹಳ ಮೂತ್ರ ಮಾಡಿ ಕೃಶನಾಗಿದ್ದರೆ, ಅದು ಇನ್ಸುಲಿನ್ ಇಲ್ಲದ ಸಕ್ಕರೆ ಕಾಯಿಲೆಯ ವಿಷಮಾವಸ್ಥೆಯಾಗಿರಬಹುದು. ಬೆರಳ ತುದಿಯ ಒಂದು ತೊಟ್ಟು ರಕ್ತವು ಅದನ್ನು ತಿಳಿಸುವುದು. ಅದನ್ನು ಮರೆತವನು ಕರುಳುಬಾಲದ ಉರಿಯೆಂದು ಬಗೆದು ಹೊಟ್ಟೆಯನ್ನು ಕೊಯ್ಯಲು ಹೊರಡುವನು. ಹರೆಯದ ಸ್ತ್ರೀಯೊಬ್ಬಳು ಕಿಬ್ಬೊಟ್ಟೆಯ ನೋವಿನಿಂದ ಕಣ್ಣು ಕತ್ತಲಿಟ್ಟು ಬಿದ್ದರೆ, ಮುಟ್ಟು ತಪ್ಪಿದೆಯೆ ಎಂದು ಕೇಳಿ ಮೂತ್ರವನ್ನು ಪರೀಕ್ಷಿಸಬೇಕು. ಗರ್ಭವು ನಾಳದಲ್ಲಿಯೇ ನೆಲೆನಿಂತು ಒಡೆದಿದ್ದರೆ ಅವಳಿಗೆ ಉಳಿದಿರುವುದು ಅಲ್ಪಕಾಲ. ಸಕ್ಕರೆ ಕಾಯಿಲೆಯುಳ್ಳ ವೃದ್ಧರು ಮೇಲುಹೊಟ್ಟೆ ಉರಿಯುತ್ತದೆ, ‘ಗ್ಯಾಸ್’ ಆಗಿದೆ ಎನ್ನುವಾಗ ಹೃದಯದ ರಕ್ತನಾಳವು ಕಟ್ಟಿಕೊಂಡಿರುವ ಪ್ರಸಂಗಗಳು ಎಷ್ಟೋ ಇವೆ. ನೆಲದ ಮೇಲೆ ಮಲಗಿದ್ದ ಕೂಲಿಕಾರನು ಬೆಳಗಿನ ಜಾವ ಹೊಟ್ಟೆ ಹಿಡಿದುಕೊಂಡು ಎದ್ದು, ಅವನ ಕಣ್ಣಿನ ರೆಪ್ಪೆಗಳು ಜೋಲುತ್ತಿದ್ದರೆ, ಕಚ್ಚಿದ ಗುರುತು ಕಾಣದಿದ್ದರೂ ಕಟ್ಟುಹಾವಿನ ವಿಷವನ್ನು ನೆನೆಯಬೇಕು. ಒಂದು ಹೊಟ್ಟೆನೋವಿನೊಳಗೆ ಐದು ಇಲಾಖೆಗಳು ಅಡಗಿರುವುವೆಂಬುದನ್ನು ವಾಚಕರು ಗಮನಿಸಬೇಕು.

ಏದುಸಿರಿನ ಮಾತೂ ಹೀಗೆಯೇ. ಗರ್ಭಿಣಿಯು ಏದುಸಿರು ಬಿಡುವುದು ಸಹಜವೆಂದು ಮನೆಯವರು ನಂಬುವರು. ರಕ್ತಹೀನತೆಯೆಂದು ಅವಸರದ ವೈದ್ಯನು ನಂಬುವನು. ಎಳವೆಯಲ್ಲಿ ಬಂದು ಹೋದ ಕೀಲುಜ್ವರದಿಂದ ಹೃದಯದ ಕವಾಟವು ಕಿರಿದಾಗಿದ್ದವಳು ಅಲ್ಲಿಯವರೆಗೆ ಹೊಲಮನೆಗಳ ಕೆಲಸವನ್ನೆಲ್ಲ ಮಾಡಿಕೊಂಡಿರುವಳು. ಗರ್ಭಕಾಲದಲ್ಲಿ ದೇಹದ ರಕ್ತದ ಪ್ರಮಾಣವು ನೂರಕ್ಕೆ 40ರಿಂದ 50ರಷ್ಟು ಹೆಚ್ಚುವುದು. ಆಗ ಆ ಕಿರಿದಾದ ಬಾಗಿಲು ರಕ್ತವನ್ನು ಸಾಗಿಸಲಾರದೆ, ಅದು ಶ್ವಾಸಕೋಶದಲ್ಲಿ ಒತ್ತರಿಸಿ ನಿಲ್ಲುವುದು. ಅಂಥವಳಿಗೆ ರಕ್ತಹೀನತೆಯೊಂದನ್ನೇ ಎಣಿಸಿ ವೇಗವಾಗಿ ರಕ್ತವನ್ನೇರಿಸಿದರೆ ಔಷಧವೇ ಮೃತ್ಯುವಾದೀತು. ಪ್ರಸೂತಿಯ ಪುಸ್ತಕವನ್ನು ಮುಚ್ಚಿ ಹೃದ್ರೋಗದ ಪುಸ್ತಕವನ್ನು ತೆರೆಯುವಷ್ಟು ವ್ಯವಧಾನವು ಆ ಹೊತ್ತಿನಲ್ಲಿ ಯಾರಿಗೂ ಇರುವುದಿಲ್ಲ. ಅವೆರಡೂ ಒಂದೇ ಮನಸ್ಸಿನಲ್ಲಿ ಮೊದಲೇ ಕೂಡಿರಬೇಕು.

ಆದುದರಿಂದ ಪುನರಾವರ್ತನವು ರೋಗಿಯ ದೂರಿನಿಂದ ಆರಂಭವಾಗತಕ್ಕದ್ದು. ಒಂದು ದೂರನ್ನು ಹಿಡಿದು, ಇದರಲ್ಲಿ ಇಂದೇ ಪ್ರಾಣ ತೆಗೆಯುವ ಕಾರಣಗಳಾವುವು, ಹೆಚ್ಚಾಗಿ ಕಾಣುವ ಕಾರಣಗಳಾವುವು, ಯಾವ ಪ್ರಶ್ನೆಯಿಂದ, ಯಾವ ಸ್ಪರ್ಶದಿಂದ, ಯಾವ ಸುಲಭ ಪರೀಕ್ಷೆಯಿಂದ ಒಂದನ್ನು ಇನ್ನೊಂದರಿಂದ ಬೇರ್ಪಡಿಸಬಹುದು ಎಂದು ಪುಸ್ತಕ ಮುಚ್ಚಿ ತನ್ನನ್ನು ತಾನೇ ಕೇಳಿಕೊಳ್ಳಬೇಕು. ಪುಟಗಳ ಮೇಲೆ ಬಣ್ಣದ ಗೆರೆಗಳನ್ನೆಳೆಯುತ್ತ ಮತ್ತೆ ಮತ್ತೆ ಓದುವುದರಿಂದ ಬಂದಂತೆ ತೋರುವ ಜ್ಞಾನವು ಬಹುಕಾಲ ನಿಲ್ಲದು. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸನು 1885ರಲ್ಲಿಯೇ ಮರೆವಿನ ವೇಗವನ್ನು ಅಳೆದು ತೋರಿಸಿದನು. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬವರು ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿ, ಮತ್ತೆ ಮತ್ತೆ ಓದಿದವರಿಗಿಂತ ಓದಿದುದನ್ನು ನೆನಪಿನಿಂದ ಹೊರತೆಗೆಯಲು ಯತ್ನಿಸಿದವರಲ್ಲಿ ಒಂದು ವಾರದ ಅನಂತರ ವಿಷಯವು ಹೆಚ್ಚಾಗಿ ಉಳಿದಿತ್ತೆಂದು ಕಂಡರು. ಪಾಠವನ್ನು ಗುರುಗಳ ಮುಂದೆ ಒಪ್ಪಿಸುವ ಪದ್ಧತಿಯುಳ್ಳ ನಮ್ಮ ನಾಡಿಗೆ ಇದು ಅಪರಿಚಿತವಾದ ತತ್ತ್ವವೇನೂ ಅಲ್ಲ.

ಆದರೆ ವಿದ್ಯಾರ್ಥಿಗಳನ್ನು ಮಾತ್ರ ದೂಷಿಸುವುದು ನ್ಯಾಯವಲ್ಲ. ಯಾವ ಪರೀಕ್ಷೆಯನ್ನಿಡುತ್ತೇವೆಯೋ ಅದಕ್ಕೆ ತಕ್ಕ ಓದು ಹುಟ್ಟುವುದು. ನಾಲ್ಕೂವರೆ ವರ್ಷಗಳ ವ್ಯಾಸಂಗದ ಮೇಲೆ ಒಂದು ವರ್ಷ ಆಸ್ಪತ್ರೆಯ ವಿಭಾಗಗಳಲ್ಲೆಲ್ಲ ಸರದಿಯಂತೆ ಕೆಲಸ ಮಾಡಬೇಕೆಂಬ ನಿಯಮವಿದೆ. ಪುಸ್ತಕದ ವಿದ್ಯೆಯು ಕೈಯ ವಿದ್ಯೆಯಾಗಿ ಪರಿಣಮಿಸತಕ್ಕ ವರ್ಷವದು. ಅದೇ ವರ್ಷದಲ್ಲಿ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯ ಭೂತವು ಹೆಗಲೇರುವುದು. ಆ ಪರೀಕ್ಷೆಯಲ್ಲಿ ಮೂರೂವರೆ ಗಂಟೆಗಳಲ್ಲಿ 200 ಪ್ರಶ್ನೆಗಳು. ಒಂದೊಂದಕ್ಕೆ ನಾಲ್ಕು ನಾಲ್ಕು ಉತ್ತರಗಳನ್ನು ಕೊಟ್ಟು ಒಂದನ್ನಾರಿಸಲು ಹೇಳುವರು. ಸರಿಯಾದುದಕ್ಕೆ ನಾಲ್ಕು ಅಂಕ, ತಪ್ಪಿದರೆ ಒಂದು ಅಂಕ ಕಳೆತ. ಒಂದು ಪ್ರಶ್ನೆಗೆ ಸಿಗುವುದು ಒಂದು ನಿಮಿಷ ಮತ್ತು ಮೂರು ಸೆಕೆಂಡು. ರೋಗಿಯ ಮುಂದೆ ನಿಂತಾಗ ಯಾರೂ ನಾಲ್ಕು ಉತ್ತರಗಳನ್ನು ಬರೆದುಕೊಟ್ಟಿರುವುದಿಲ್ಲ. ಆದರೂ ವಾರ್ಡಿನ ಕೆಲಸವನ್ನು ಹೇಗಾದರೂ ಮುಗಿಸಿ ಪ್ರಶ್ನಾವಳಿಯ ಮುಂದೆ ಕೂರುವ ತವಕವು ಹಲವರಲ್ಲಿ ಹುಟ್ಟಿದರೆ ಆಶ್ಚರ್ಯವೇನು?

ಇಂಥ ಪರೀಕ್ಷೆಯ ಪರವಾಗಿ ಹೇಳತಕ್ಕ ಮಾತೂ ಇದೆಯೆಂಬುದನ್ನು ನಾವು ಮರೆಮಾಚುವುದಿಲ್ಲ. ಯಂತ್ರವು ತಿದ್ದುವ ಉತ್ತರಕ್ಕೆ ಜಾತಿಯಿಲ್ಲ, ಶಿಫಾರಸಿಲ್ಲ, ಪರೀಕ್ಷಕನ ಮುನಿಸಿಲ್ಲ. ಹಳೆಯ ಮೌಖಿಕ ಪರೀಕ್ಷೆಯಲ್ಲಿ ಒಬ್ಬನಿಗೆ ಸುಲಭವಾದ ರೋಗಿಯೂ ಇನ್ನೊಬ್ಬನಿಗೆ ಕಠಿಣವಾದ ರೋಗಿಯೂ ದೊರೆತು ಅದೃಷ್ಟವೇ ತೀರ್ಪು ಕೊಡುತ್ತಿದ್ದುದುಂಟು. ಇದಕ್ಕೆ ಪರಿಹಾರವನ್ನು ಸ್ಕಾಟ್ಲೆಂಡಿನ ಡಂಡಿಯಲ್ಲಿ ಹಾರ್ಡನ್ ಎಂಬ ಅಧ್ಯಾಪಕರು 1975ರಲ್ಲಿ ಪ್ರಕಟಿಸಿದರು. ಎಲ್ಲ ವಿದ್ಯಾರ್ಥಿಗಳೂ ಅವೇ ಠಾಣೆಗಳನ್ನು ಒಂದೊಂದಾಗಿ ಹಾದುಹೋಗಬೇಕು. ಒಂದು ಕಡೆ ಎದೆಯನ್ನು ಪರೀಕ್ಷಿಸಬೇಕು, ಇನ್ನೊಂದು ಕಡೆ ರೋಗಿಯನ್ನು ವಿಚಾರಿಸಬೇಕು, ಮತ್ತೊಂದು ಕಡೆ ಫಲಿತಾಂಶವನ್ನು ಅರ್ಥಮಾಡಬೇಕು. ಅಂಕಗಳ ಪಟ್ಟಿಯು ಮೊದಲೇ ಸಿದ್ಧವಾಗಿರಬೇಕು. ನ್ಯಾಯವೂ ಉಳಿಯುವುದು, ಕೈಯ ವಿದ್ಯೆಯೂ ಉಳಿಯುವುದು. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯಿದೆಯು ಎಲ್ಲರಿಗೂ ಸಮಾನವಾದ ಅಂತಿಮ ಪರೀಕ್ಷೆಯೊಂದನ್ನು ವಿಧಿಸಿತು. 2023ರಲ್ಲಿ ಅದನ್ನು ಮುಂದೂಡಲಾಯಿತು. ಅಂಥ ಪರೀಕ್ಷೆಯು ಎಂದೇ ಬರಲಿ, ರೋಗಿಯ ಮಗ್ಗುಲಲ್ಲಿ ನಡೆಯುವ ಭಾಗಕ್ಕೆ ಅದರಲ್ಲಿ ನಿಜವಾದ ತೂಕವಿರಬೇಕು. ಕೇವಲ ತೇರ್ಗಡೆಯ ಔಪಚಾರಿಕತೆಯಾಗಿ ಅದು ಉಳಿದರೆ ಹಳೆಯ ಓದೇ ಹೊಸ ಹೆಸರಿನಲ್ಲಿ ನಡೆಯುವುದು.

ರೋಗಿಯ ಮಗ್ಗುಲಲ್ಲಿ ಕಲಿಯಬೇಕಾದರೆ ರೋಗಿಯ ಮಾತು ತಿಳಿದಿರಬೇಕು. ನಮ್ಮ ನಾಡಿನ ಕಾಲೇಜುಗಳಲ್ಲಿ ಇದು ಸಣ್ಣ ಸಂಗತಿಯಲ್ಲ. ಪುಸ್ತಕವು ಇಂಗ್ಲಿಷಿನಲ್ಲಿದೆ, ರೋಗವು ಕನ್ನಡದಲ್ಲಿ ನರಳುತ್ತದೆ. ಹಳೆಯ ಮೈಸೂರಿನವನು ಕಾಮಾಲೆಯೆಂದುದನ್ನು ಉತ್ತರ ಕರ್ನಾಟಕದವನು ಕಾಮಣಿಯೆನ್ನುವನು. ಒಬ್ಬನು ಉಬ್ಬಸವೆಂದರೆ ಇನ್ನೊಬ್ಬನು ದಮ್ಮು ಎನ್ನುವನು. ‘ಸುಸ್ತು’ ಎಂಬ ಒಂದು ಮಾತಿನಲ್ಲಿ ರಕ್ತಹೀನತೆ, ಹೃದಯದ ದೌರ್ಬಲ್ಯ, ಮನಸ್ಸಿನ ಖಿನ್ನತೆ ಯಾವುದಾದರೂ ಅಡಗಿರಬಹುದು. ಮಲೆನಾಡಿನಲ್ಲಿ ಬೇಸಗೆಯ ಮುನ್ನ ಜ್ವರವೆಂದು ಬಂದವನನ್ನು, ಕಾಡಿಗೆ ಹೋಗಿದ್ದೆಯಾ, ಉಣ್ಣೆ ಕಚ್ಚಿತೆ, ಮಂಗಗಳು ಸತ್ತುಬಿದ್ದುದನ್ನು ಕಂಡೆಯಾ ಎಂದು ವಿಚಾರಿಸದಿದ್ದರೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನ ಅರಣ್ಯದಲ್ಲಿ ಗುರುತಿಸಿದ ಆ ರೋಗವು ಕೈತಪ್ಪಿ ಹೋಗುವುದು. ಅಂತಿಮ ಪರೀಕ್ಷೆಯ ಓದಿನಲ್ಲಿ ಈ ಪ್ರಶ್ನೆಗಳನ್ನು ಕನ್ನಡದಲ್ಲಿ ಕೇಳಿ ಅಭ್ಯಾಸ ಮಾಡುವುದೂ ಸೇರಬೇಕು. ಹೊರನಾಡಿನಿಂದ ಬಂದ ವಿದ್ಯಾರ್ಥಿಗೆ ಇದು ಹೊರೆಯೆನಿಸಬಹುದು. ಎದೆಗೊಳವೆಯನ್ನು ಹಿಡಿಯಲು ಕಲಿಯುವುದು ಹೊರೆಯೆನ್ನುವುದಾದರೆ ಮಾತ್ರ ಇದನ್ನೂ ಹೊರೆಯೆನ್ನಬಹುದು.

1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಹೋದ ವೈದ್ಯ ಕಾಲೇಜಿನಿಂದ ಮೊದಲುಗೊಂಡು, 1957ರ ಹುಬ್ಬಳ್ಳಿಯ ಕಾಲೇಜು ಮುಂತಾದುವನ್ನು ಪ್ರಜೆಗಳ ಹಣದಿಂದ ಸಾಕಿಕೊಂಡು ಬಂದಿರುವುದು ಪ್ರಶ್ನಾವಳಿಗಳನ್ನು ಬಿಡಿಸುವವರನ್ನು ತಯಾರಿಸಲಿಕ್ಕಲ್ಲ. ಆದುದರಿಂದ ಅಧಿಕಾರಿಗಳ ಮುಂದೆ ನಾವು ಮೂರು ಸಲಹೆಗಳನ್ನಿಡುತ್ತೇವೆ. ಅಂತಿಮ ವರ್ಷದಲ್ಲಿ ವಾರಕ್ಕೊಂದು ದಿನವಾದರೂ ವೈದ್ಯ, ಶಸ್ತ್ರ, ಪ್ರಸೂತಿ, ಶಿಶು ಇಲಾಖೆಗಳ ಅಧ್ಯಾಪಕರು ಒಬ್ಬನೇ ರೋಗಿಯ ಸುತ್ತ ಕೂಡಿ ಪಾಠ ಹೇಳಲಿ. ಆಸ್ಪತ್ರೆಯ ಸರದಿಯ ವರ್ಷದಲ್ಲಿ ಮಾಡಿದ ಕೆಲಸವನ್ನು ಪ್ರಾಮಾಣಿಕವಾಗಿ ಅಳೆದು, ಮುಂದಿನ ಪ್ರವೇಶದಲ್ಲಿ ಅದಕ್ಕೆ ಬೆಲೆ ಕೊಡಲಿ. ಪ್ರಾಯೋಗಿಕ ಪರೀಕ್ಷೆಯ ಒಂದು ಠಾಣೆಯಲ್ಲಿ ರೋಗಿಯನ್ನು ಕನ್ನಡದಲ್ಲಿ ವಿಚಾರಿಸಿ, ರೋಗವನ್ನು ಕನ್ನಡದಲ್ಲಿಯೇ ಅವನಿಗೆ ತಿಳಿಸುವುದನ್ನು ಪರೀಕ್ಷಿಸಲಿ. ಇವಕ್ಕೆ ಹೊಸ ಕಟ್ಟಡಗಳು ಬೇಕಿಲ್ಲ. ಅಧ್ಯಾಪಕರ ಮನಸ್ಸೂ ಸಮಯವೂ ಬೇಕು. ಖಾಲಿ ಬಿದ್ದ ಅಧ್ಯಾಪಕರ ಸ್ಥಾನಗಳನ್ನು ತುಂಬುವ ಕರ್ತವ್ಯವು ಸರಕಾರದ್ದು.

ವಿದ್ಯಾರ್ಥಿಗಳಿಗೆ ನಮ್ಮ ಹಿತವಚನವಿಷ್ಟೆ: ರಾತ್ರಿ ಹತ್ತು ಪುಟಗಳನ್ನು ಕಡಮೆ ಓದಿದರೂ ಚಿಂತೆಯಿಲ್ಲ, ಬೆಳಗ್ಗೆ ಒಬ್ಬ ರೋಗಿಯ ಬಳಿ ಅರ್ಧ ಗಂಟೆ ಹೆಚ್ಚು ಕುಳಿತುಕೊಳ್ಳಿರಿ. ಅವನು ಹೇಳಿದುದನ್ನು ನಾಲ್ಕು ಪುಸ್ತಕಗಳಲ್ಲಿಯೂ ಹುಡುಕಿರಿ. ಪರೀಕ್ಷೆಯು ಒಂದು ದಿನ ಮುಗಿಯುವುದು. ಹೊಟ್ಟೆ ಹಿಡಿದುಕೊಂಡು ಬರುವವರ ಸಾಲು ಮುಗಿಯುವುದಿಲ್ಲ.