ಬಂಗಾರದ ಮುಲಾಮಿನ ಆಲೂಗಡ್ಡೆ
ಟಿಪ್ಪುವನ್ನು ಕೆಡವಿದ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿ ನಮಗೆ ಪಠ್ಯಪುಸ್ತಕದ ಇಂಗ್ಲಿಷ್ ದೊರೆ. ಅಸಲಿಗೆ ಆತ ಐರ್ಲೆಂಡಿನ ಮೀತ್ ಸೀಮೆಯವನು, ಮಾರ್ನಿಂಗ್ಟನ್ ಪದವಿಯ ಎರಡನೇ ಅರ್ಲ್. ಅಜ್ಜನ ಹುಟ್ಟುಹೆಸರು ಕಾಲಿ. ಮಕ್ಕಳಿಲ್ಲದ ಬಂಧುವಿನಿಂದ 1728ರಲ್ಲಿ ಡ್ಯಾಂಗನ್ ಜಹಗೀರು ದಕ್ಕಿದಾಗ ಆಸ್ತಿಯ ಜೊತೆ ವೆಸ್ಲಿ ಎಂಬ ಹೆಸರನ್ನೂ ಹೊತ್ತುಕೊಂಡ. ಅಪ್ಪ ಗ್ಯಾರೆಟ್‌ಗೆ ಸಂಗೀತದ ಹುಚ್ಚು. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಮೊದಲ ಸಂಗೀತ ಪ್ರಾಧ್ಯಾಪಕನಾದ, 1760ರಲ್ಲಿ ಅರ್ಲ್ ಪದವಿ ಪಡೆದ, ಸತ್ತಾಗ ಮಗನಿಗೆ ಕೈತುಂಬ ಸಾಲ ಬಿಟ್ಟ. ಆ ಮಗನೇ 1798ರಲ್ಲಿ ಭಾರತಕ್ಕೆ ಬಂದು, ಮರುವರ್ಷ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಬ್ರಿಟಿಷ್ ಪದವಿಯೊಂದು ಖಾತ್ರಿ ಎಂದು ಕಾದು ಕುಳಿತ. ಲಂಡನ್ ಕೊಟ್ಟದ್ದು ಮಾರ್ಕ್ವೆಸ್ ಪದವಿಯನ್ನೇ, ಆದರೆ ಐರಿಷ್ ಶ್ರೇಣಿಯದು! ಇದು ಎರಡು ಸಲ ಬಂಗಾರದ ಮುಲಾಮು ಹಚ್ಚಿದ ಆಲೂಗಡ್ಡೆ ಎಂದು ಸಿಡುಕಿದ. ಟಿಪ್ಪುವಿನ ಖಜಾನೆಯ ರತ್ನಗಳನ್ನು ಕೆತ್ತಿಸಿ ಸೈನ್ಯ ಮಾಡಿಕೊಟ್ಟ ಸೇಂಟ್ ಪ್ಯಾಟ್ರಿಕ್ ಪದಕವೂ, ಈಸ್ಟ್ ಇಂಡಿಯಾ ಕಂಪನಿಯಿಂದ ವರ್ಷಕ್ಕೆ 5,000 ಪೌಂಡ್‌ನ ಪಿಂಚಣಿಯೂ ಬಂದವು, ಮುನಿಸು ಮಾತ್ರ ಇಳಿಯಲಿಲ್ಲ. ನನಗೇನೂ ಕನಿಕರವಿಲ್ಲ. 1842ರಲ್ಲಿ ಆತ ಸತ್ತ. ಮದುವೆಗೆ ಮೊದಲೇ ಹುಟ್ಟಿದ್ದ ಮಕ್ಕಳಿಗೆ ಕಾನೂನಿನ ಪ್ರಕಾರ ಹಕ್ಕಿಲ್ಲದೆ ಮಾರ್ಕ್ವೆಸ್ ಪದವಿ ಅವನೊಂದಿಗೇ ಮುಗಿಯಿತು. ಹಳೆಯ ಅರ್ಲ್ ಪದವಿ ತಮ್ಮನಿಗೆ ಹೋಯಿತು. ಆ ತಮ್ಮನ ಮಗ, ನಾಲ್ಕನೇ ಅರ್ಲ್, ಹೆಂಡತಿಯ ಅಪಾರ ಆಸ್ತಿಯನ್ನು ನುಂಗಿ ನೀರು ಕುಡಿದ ಪುಣ್ಯಾತ್ಮ. 1863ರಲ್ಲಿ ಆ ಶಾಖೆಯೂ ನಿಂತು, ಪದವಿ ರಿಚರ್ಡನ ಇನ್ನೊಬ್ಬ ತಮ್ಮ ಆರ್ಥರನ ಮಗನಾದ ಎರಡನೇ ವೆಲಿಂಗ್ಟನ್ ಡ್ಯೂಕನ ಪಾಲಾಯಿತು. ಶ್ರೀರಂಗಪಟ್ಟಣ ಬಿದ್ದ ಮೇಲೆ ಅದರ ಆಡಳಿತ ವಹಿಸಿಕೊಂಡಿದ್ದವನೂ ಈ ಆರ್ಥರನೇ.